ಎರಡನೇ ಮೈಕು

ಕನ್ನಡಕದ ಅಂಗಡಿಯ ಗುಮಾಸ್ತನಿಗೆ ‘ಗೊತ್ತಿಲ್ಲ’ ಎನ್ನುವ ಧೈರ್ಯ ಇರಲಿಲ್ಲ. ಹಾಗಾಗಿ ಮನೆ ಓನರಮ್ಮ ಬೆಳಗ್ಗೆಯೇ ಅವನ ಮಹಡಿ ರೂಮಿಗೆ ಬಂದು, “ರೆಕಾರ್ಡಿಂಗ್ ಮೆಷಿನ್ ನಡೆಸೋಕೆ ಬರುತ್ತೇನಪ್ಪಾ?” ಎಂದಾಗ, “ಓಹೋ, ನೀರು ಕುಡಿದಷ್ಟು ಸುಲಭ” ಎಂದುಬಿಟ್ಟ.

“ಹಾಗಾದ್ರೆ ಬಾ. ಸ್ಪರ್ಧೆಗೆ ನನ್ನ ಹಾಡು ಸಂಜೆಯೊಳಗೆ ಕಳಿಸ್ಬೇಕು. ಚೆನ್ನಾಗಿ ಬಂದ್ರೆ ರೂಮು ನಿಂದೇ. ಇಲ್ಲಾಂದ್ರೆ ನನ್ನ ತಂಗಿ ಮಗ ಅದನ್ನೇ ಕೇಳ್ತಾ ಇದಾನೆ, ನೋಡು.”

ಕೆಳಗೆ ನಡುಮನೆಯ ಮೇಜಿನ ಮೇಲೆ ಆ ಯಂತ್ರ ಮೊಸಳೆಯಂತೆ ಹಲ್ಲು ಕಿರಿದು ಕೂತಿತ್ತು. ಎಂಟು ಚಾನೆಲ್ಲು, ಪ್ರತಿಯೊಂದಕ್ಕೂ ಒಂದು ತಿರುಗಣೆ, ಒಂದು ಕೆಂಪು ಗುಂಡಿ. ಪಕ್ಕದ ಮನೆಯ ಟೈಲರ್, ಎದುರುಮನೆಯ ನಿವೃತ್ತ ಬಸ್ ಡ್ರೈವರ್, ಇಬ್ಬರೂ ಕರೆಯದೆಯೇ ಹಾಜರಿದ್ದರು.

ಓನರಮ್ಮ ಮೊದಲ ಚಾನೆಲ್ಲಿನ ಮೈಕಿನ ಮುಂದೆ ಹಾಡಿದರು. ಏನೂ ದಾಖಲಾಗಲಿಲ್ಲ. ಗುಮಾಸ್ತ ಬೆವರುತ್ತ ಮೊದಲ ಕೆಂಪು ಗುಂಡಿ ಒತ್ತಿದ, ದೀಪ ಹತ್ತಿತು. ದೀಪ ಹತ್ತಿದ ಚಾನೆಲ್ಲು ಮಾತ್ರ ಹಾಡು ಹಿಡಿಯುತ್ತದೆಂದು ಅವನಿಗೆ ಆಗ ತಿಳಿಯಿತು.

“ಕೆಂಪು ದೀಪ ಇದ್ದಾಗ ಮುಂದೆ ಹೋಗ್ತೀಯಲ್ಲೋ!” ಡ್ರೈವರ್ ಚಡಪಡಿಸಿದರು.

“ಅಂಕಲ್, ಇದು ರಸ್ತೆ ಅಲ್ಲ.”

“ಯಾವುದಾದ್ರೇನು? ಕೆಂಪು ಕೆಂಪೇ.”

ಎರಡನೇ ಸಲ ಟೈಲರ್ ಕೈ ಹಾಕಿದ. “ಕುತ್ತಿಗೆ ಹತ್ರ ಬಿಗಿಯಾಗಿದೆ ಸಾರ್, ಲೂಸ್ ಬಿಡ್ಬೇಕು” ಎಂದು ತಿರುಗಣೆಯನ್ನು ಪೂರ್ತಿ ತಿರುಗಿಸಿದ. ಓನರಮ್ಮನ ದನಿ ತಗಡಿನ ಮೇಲೆ ಜಲ್ಲಿ ಸುರಿದಂತೆ ಬಂತು.

“ಇದು ನಾನಾ?”

“ಅಲ್ಲಮ್ಮಾ, ಮೆಷಿನ್ನು” ಎಂದು ಗುಮಾಸ್ತ ತಿರುಗಣೆ ಇಳಿಸಿದ.

ಟೈಲರ್ ಸುಮ್ಮನಾಗಲಿಲ್ಲ. ತೋಳು ಎರಡಿದ್ದ ಮೇಲೆ ಮೈಕೂ ಎರಡಿರಬೇಕೆಂದು ಎರಡನೇ ಚಾನೆಲ್ಲಿಗೂ ಒಂದು ಸಿಕ್ಕಿಸಿ ಗುಂಡಿ ಒತ್ತಿದ. ಅದು ಬಾಲ ತುಳಿಸಿಕೊಂಡ ನಾಯಿಯಂತೆ ಕುಂಯ್‌ಗುಟ್ಟಿತು. ಗುಮಾಸ್ತ ಆ ಮೈಕನ್ನು ಒಯ್ದು ಅಡುಗೆಮನೆಯ ಕಿಟಕಿಯಲ್ಲಿಟ್ಟು ಬಂದ. ಒಳಗೆ ಓನರಮ್ಮನ ಯಜಮಾನರು ಪಾತ್ರೆ ತೊಳೆಯುತ್ತಿದ್ದರು. ಅವರ ದನಿ ಕೇಳಿದವರು ಆ ಬೀದಿಯಲ್ಲೇ ಇರಲಿಲ್ಲ.

“ಇನ್ನೊಂದೇ ಸಲ. ಆಮೇಲೆ ನನ್ನ ಗಂಟಲೂ ಇಲ್ಲ, ನಿನ್ನ ರೂಮೂ ಇಲ್ಲ” ಎಂದು ಓನರಮ್ಮ ಕಣ್ಣು ಮುಚ್ಚಿ ಹಾಡಿದರು. ಯಂತ್ರದ ಪುಟ್ಟ ಹಸಿರು ದೀಪಗಳು ಕುಣಿದವು. ಗುಮಾಸ್ತನ ಜೀವ ತಣ್ಣಗಾಯಿತು.

ಹಾಡು ಮುಗಿದ ಮೇಲೆ ಹಾಕಿ ಕೇಳಿದರು. ತುಂಬಿದ ಗಂಡು ದನಿ. ಹಿಂದೆ ಪಾತ್ರೆಗಳ ತಾಳ. ಎಲ್ಲೋ ದೂರದಲ್ಲಿ ಸೊಳ್ಳೆಯೊಂದು ಗುಂಯ್‌ಗುಟ್ಟಿದಂತೆ ಓನರಮ್ಮ.

“ಯಾರೀ ಇದು?”

ಯಜಮಾನರು ಒದ್ದೆ ಕೈಯಲ್ಲೇ ಬಂದು ನಿಂತರು. “ನಾನೇ ಅನ್ಸುತ್ತೆ.”

“ಮದುವೆಯಾದಾಗಿಂದ ಒಂದು ದಿನಾನೂ ಹಾಡಿಲ್ವಲ್ರೀ!”

“ನೀನು ನಿಲ್ಲಿಸಿದ್ರೆ ತಾನೇ?”

ಡ್ರೈವರ್ ಕೆಮ್ಮಿದರು. “ಹಾಡು ಶುರುವಾಗೋ ಮುಂಚೆ ಮೊದಲನೇ ಕೆಂಪು ದೀಪ ಆರಿಸಿದ್ದೆ ಕಣಮ್ಮಾ. ಇನ್ನೊಂದರ ಮೇಲೆ ಟೈಲರ್ ಅಳತೆ ಟೇಪು ಬಿದ್ದಿತ್ತು, ಕಾಣಲಿಲ್ಲ.”

“ಏನೇ ಹೇಳಿ, ಇದನ್ನೇ ಕಳಿಸಿ. ಎಂಥಾ ಫಿಟ್ಟಿಂಗು!” ಎಂದು ಟೈಲರ್ ಕಣ್ಣೊರೆಸಿಕೊಂಡ.

ಓನರಮ್ಮ ಗುಮಾಸ್ತನಿಗೆ ಬಾಗಿಲು ತೋರಿಸಿದರು.

ಸಂಜೆ ಅವನು ಪೆಟ್ಟಿಗೆ ಹೊತ್ತು ಗೇಟು ದಾಟಿದಾಗ ಹಿಂದಿನಿಂದ ಯಜಮಾನರು ಓಡಿಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ದೊಡ್ಡ ಪಾತ್ರೆ.

“ನಿನ್ನ ಹೊಸ ರೂಮಲ್ಲಿ ಇಬ್ಬರಿಗೆ ಜಾಗ ಆಗುತ್ತೇನಪ್ಪಾ?”

ಗೊತ್ತಿಲ್ಲ ಎನ್ನಬೇಕೆಂದುಕೊಂಡ. “ಓಹೋ” ಎಂದ.

ಓನರಮ್ಮನಿಗೆ ನಷ್ಟವಾದದ್ದು ಒಂದು ಹಾಡು, ಒಬ್ಬ ಬಾಡಿಗೆಯವನು, ಒಬ್ಬ ಗಂಡ. ಗುಮಾಸ್ತನಿಗೆ ಇದ್ದ ರೂಮು ಪೂರ್ತಿ, ಇನ್ನೂ ಸಿಗದ ರೂಮಿನಲ್ಲಿ ಅರ್ಧ.