ಟ್ಯಾಪ್‌ಸ್ಕಾಟನ ಶೆಡ್ಡಿನಲ್ಲಿ ಹಕ್ಕಿಗೂಡು

ಹುಲ್ಲು ಕತ್ತರಿಸಲಿಲ್ಲವೆಂದು ಮೂವತ್ತು ವರ್ಷ ಬೈಸಿಕೊಂಡ ಗಂಡ, ಈಗ ಕತ್ತರಿಸಲು ಹೋದದ್ದಕ್ಕೂ ಬೈಸಿಕೊಂಡರೆ ಏನು ಮಾಡಬೇಕು? ಇಂಗ್ಲೆಂಡಿನ ಡೆವನ್ ಸೀಮೆಯ ಲಿಟಲ್ ಮಾರ್ಬಿ ಹಳ್ಳಿಯ ಡೆಸ್ಮಂಡ್ ಟ್ಯಾಪ್‌ಸ್ಕಾಟನ ತಲೆಯನ್ನು ಈ ಬೇಸಿಗೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಇದು.

ಅವನ ಹೆಂಡತಿ ಮ್ಯೂರಿಯಲ್, ಅಜ್ಜಿಯ ಕಾಲದ ಹೂದೋಟವನ್ನು ಈ ವರ್ಷ ಸಕಲ ಜೀವರಾಶಿಗಳಿಗೆ ಧಾರೆಯೆರೆದು ಕೊಟ್ಟಿದ್ದಳು. ಬಾಗಿಲ ಮೇಲಿನ ಗುಲಾಬಿ ಬಳ್ಳಿ, ಇಟ್ಟಿಗೆ ಹಾಸಿದ ಕಾಲುದಾರಿ ಎಲ್ಲ ಇದ್ದ ಹಾಗೇ ಇದ್ದವು. ಆದರೆ ಮೂಲೆಯ ತುರಿಕೆ ಗಿಡ ಈಗ ಚಿಟ್ಟೆಗಳ ಹೆರಿಗೆ ಆಸ್ಪತ್ರೆ. ಕೊಳೆತ ಮರದ ತುಂಡುಗಳು ಜೀರುಂಡೆಗಳ ಛತ್ರ. ಮುಳ್ಳುಮೈಯ ಹೆಜ್‌ಹಾಗ್ ಬಂದು ಹೋಗಲೆಂದು ಬೇಲಿಗೆ ಕಂಡಿ ಕೊರೆದಾಗಿತ್ತು. (ಆ ಕಂಡಿಯಿಂದ ಈವರೆಗೆ ಬಂದದ್ದು ಪಕ್ಕದ ಮನೆಯ ನಾಯಿ ಮಾತ್ರ.) ಯಾವುದು ಕಳೆ, ಯಾವುದು ಬೆಳೆ, ಯಾರು ಅತಿಥಿ, ಯಾರು ಕಳ್ಳ ಎಂಬುದು ಡೆಸ್ಮಂಡನಿಗೆ ತಿಳಿಯದೇ ಹೋಯಿತು.

“ಗುಲಾಬಿಗೆ ಹೇನು ಹತ್ತಿದೆ, ಔಷಧಿ ಹೊಡೀಲಾ?” ಎಂದು ಕೇಳಿದ.

“ಅಯ್ಯೋ, ಬೇಡ! ಅದು ಗುಲಗಂಜಿ ಹುಳಕ್ಕೆ ಊಟ.”

“ಲೆಟಿಸ್ ಸೊಪ್ಪೆಲ್ಲಾ ಬಸವನಹುಳದ ಪಾಲಾಯ್ತಲ್ಲೇ.”

“ತಿನ್ಲಿ ಬಿಡು. ಆ ಹುಳ ಹಕ್ಕಿಗೆ ಊಟ.”

“ಮತ್ತೆ ನನ್ನ ಊಟ?”

“ನಿನ್ನೆಯ ಪೈ ಇದೆ, ಬಿಸಿ ಮಾಡ್ಕೋ.”

ಇಷ್ಟನ್ನೂ ಡೆಸ್ಮಂಡ್ ಸಹಿಸಿಕೊಂಡ. ಏಕೆಂದರೆ ತೋಟದ ತುದಿಯಲ್ಲಿ ಅವನ ಶೆಡ್ ಇತ್ತು. ಆ ಶೆಡ್ಡಿನಲ್ಲಿ ಸ್ಪ್ರಿಂಗ್ ಕುಸಿದ ಒಂದು ಕುರ್ಚಿ, ಕುರ್ಚಿಯ ಪಕ್ಕ ರೇಡಿಯೋ, ರೇಡಿಯೋದಲ್ಲಿ ಕ್ರಿಕೆಟ್. ಇದಕ್ಕಿಂತ ಹೆಚ್ಚಿನ ಸ್ವರ್ಗವನ್ನು ಅವನು ಪಾದ್ರಿಗಳ ಬಳಿಯೂ ಬೇಡಿದವನಲ್ಲ.

ಜೂನ್ ತಿಂಗಳ ಒಂದು ಭಾನುವಾರ ಹಳ್ಳಿಯವರೆಲ್ಲ ತಮ್ಮ ತೋಟದ ಗೇಟು ತೆರೆದಿಟ್ಟು ಊರವರಿಗೂ ಪರವೂರವರಿಗೂ ತೋರಿಸುವುದು, ಚಹಾ ಕೇಕು ಕೊಡುವುದು ಅಲ್ಲಿಯ ವಾಡಿಕೆ. ಅದಕ್ಕೆ ಎರಡು ದಿನ ಮೊದಲು ಮ್ಯೂರಿಯಲ್ ಬಾಂಬು ಹಾಕಿದಳು.

“ಭಾನುವಾರ ಶೆಡ್ ಖಾಲಿ ಮಾಡ್ಕೊಡು. ಚಹಾ ಅಲ್ಲೇ ಮಾಡೋದು. ಆ ಹಾಳು ಕುರ್ಚಿ ಗುಜರಿಗೆ ಹೋಗ್ಲಿ.”

“ಭಾನುವಾರ ಟೆಸ್ಟಿನ ಕೊನೇ ದಿನ ಕಣೇ!”

“ತೋಟಕ್ಕೆ ಜನ ಬರೋ ದಿನಾನೂ ಅದೇ.”

ಅಂದು ರಾತ್ರಿಯೆಲ್ಲ ಡೆಸ್ಮಂಡ್ ಹೊರಳಾಡಿದ. ಬೆಳಗಾಗುವಷ್ಟರಲ್ಲಿ ದಿವ್ಯಜ್ಞಾನ ಉದಯಿಸಿತು. ಆ ಹಳ್ಳಿಯವರು ರಾಜನ ಮನೆಯ ಬಾಗಿಲನ್ನಾದರೂ ತಟ್ಟಿಯಾರು, ಗೂಡು ಕಟ್ಟಿದ ಹಕ್ಕಿಯ ಸುದ್ದಿಗೆ ಮಾತ್ರ ಹೋಗುವುದಿಲ್ಲ. ಅವನು ಒಂದು ಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ತೂಗುಹಾಕಿದ: ‘ಒಳಗೆ ಹಕ್ಕಿ ಗೂಡು ಕಟ್ಟಿದೆ. ದಯವಿಟ್ಟು ಯಾರೂ ಒಳಗೆ ಹೋಗಬಾರದು.’

ಮ್ಯೂರಿಯಲ್ ಅದನ್ನು ಓದಿ ಕಣ್ಣಲ್ಲಿ ನೀರು ತಂದುಕೊಂಡಳು. “ನಮ್ಮ ಶೆಡ್ಡಲ್ಲಾ? ನಾನು ನೋಡ್ಲೇ ಇಲ್ವಲ್ಲ! ನಿನಗೂ ಕೊನೆಗೆ ಇದೆಲ್ಲಾ ಅರ್ಥ ಆಯ್ತಲ್ಲ ಮಾರಾಯ.” ಚಹಾದ ಪಾತ್ರೆಗಳು ಅಡುಗೆಮನೆಗೆ ವಾಪಸಾದವು. ಡೆಸ್ಮಂಡನಿಗೆ ಸ್ವಲ್ಪ ನಾಚಿಕೆಯಾಯಿತು. ಕುರ್ಚಿ ಉಳಿಯಿತಲ್ಲ ಎಂದು ಬಹಳ ಸಂತೋಷವಾಯಿತು.

ಭಾನುವಾರ ಮಧ್ಯಾಹ್ನ, ಹೊಲದಲ್ಲಿ ಕಾರು ನಿಲ್ಲಿಸುವ ಕೆಲಸ ನೋಡಿಕೊಳ್ಳುತ್ತೇನೆಂದು ಹೇಳಿ ಹೊರಟವನು, ಬೇಲಿಯ ಹಿಂದಿನಿಂದ ಸುತ್ತಿ ಬಂದು ಶೆಡ್ ಸೇರಿಕೊಂಡ. ಹುಲ್ಲಿನ ಕಡೆಗಿದ್ದ ಕಿಟಕಿಯ ಒಂದು ಗಾಜು ಒಡೆದು ವರ್ಷವೇ ಆಗಿತ್ತು. ಯಾರಾದರೂ ಇಣುಕಿಯಾರೆಂದು ಕಿಟಕಿಗೆ ಒಂದು ಗೋಣಿಚೀಲ ಸಿಕ್ಕಿಸಿದ. ಕುರ್ಚಿಯಲ್ಲಿ ಕಾಲು ಚಾಚಿದ. ರೇಡಿಯೋಕ್ಕೆ ಕೈ ಹಾಕಿದ.

“ಶ್! ಎಲ್ಲರೂ ಮೆತ್ತಗೆ ಬನ್ನಿ,” ಎಂದು ಹೊರಗೆ ಯಾರೋ ಪಿಸುಗುಟ್ಟಿದರು.

ಅದು ಮಿಸ್ ಪೆಂಗೆಲ್ಲಿಯ ದನಿ. ಕೊರಳಿನ ದುರ್ಬೀನನ್ನು ಚರ್ಚಿನಲ್ಲೂ ತೆಗೆಯದ ಆಕೆ ಆ ಸುತ್ತಿನ ಪಕ್ಷಿಶಾಸ್ತ್ರದ ಪರಮಾಧಿಕಾರಿ. ಡೆಸ್ಮಂಡ್ ಗೋಡೆಯ ಹಲಗೆಗಳ ಸಂದಿನಿಂದ ನೋಡಿದ. ಶೆಡ್ಡಿನ ಮುಂದೆ ಮೂರು ಜನ ನಿಂತಿದ್ದರು. ಮೂವರು ಸಾಲಾಗಿ ನಿಂತಿರುವುದನ್ನು ಕಂಡ ನಾಲ್ಕನೆಯವನು ಏಕೆಂದು ಕೇಳದೆ ಹಿಂದೆ ನಿಂತ. (ಇಂಗ್ಲೆಂಡಿನಲ್ಲಿ ಸಾಲು ಹುಟ್ಟುವುದು ಹೀಗೇ.) ನೋಡನೋಡುತ್ತ ಸಾಲು ಕಾಲುದಾರಿಯುದ್ದಕ್ಕೂ ಬೆಳೆದು ಗೇಟು ಮುಟ್ಟಿತು. ಮ್ಯೂರಿಯಲ್ ತಟ್ಟೆ ಹಿಡಿದು ನಿಂತವರಿಗೆಲ್ಲ ನಿಂಬೆಹಣ್ಣಿನ ಕೇಕ್ ಹಂಚಿದಳು. ಅದರ ಪರಿಮಳ ಮಾತ್ರ ಡೆಸ್ಮಂಡನ ಪಾಲಿಗೆ ಬಂತು.

ರೇಡಿಯೋ ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ತಡೆದರೂ ಒಂದು ಸೀನು ಮೂಗಿನಲ್ಲೇ ಕೀಚ್ ಎಂದಿತು.

“ಕೇಳಿಸ್ತಾ?” ಎಂದಳು ಮಿಸ್ ಪೆಂಗೆಲ್ಲಿ. “ತಾಯಿಹಕ್ಕಿ ಗಾಬರಿಯಾದಾಗ ಕೂಗೋ ಕೂಗು ಅದು.”

ಡೆಸ್ಮಂಡ್ ಉಸಿರು ಬಿಗಿಹಿಡಿದ. ಆಗ ಕೇಳಿಸಿತು: ಚಿಂಯ್, ಚಿಂಯ್, ಚಿಂಯ್. ತನ್ನ ಮೂಗಿರಬೇಕೆಂದು ಮುಟ್ಟಿ ನೋಡಿಕೊಂಡ. ಮೂಗು ಸುಮ್ಮನಿತ್ತು. ಸದ್ದು ಬರುತ್ತಿದ್ದದ್ದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಅವನ ಹಳೆಯ ಕೋಟಿನಿಂದ. ತೋಟದ ಕೆಲಸಕ್ಕೆಂದು ಇಟ್ಟಿದ್ದ ಕೋಟು ಅದು. (ಅದನ್ನು ಅವನು ಮುಟ್ಟುವವನಲ್ಲವೆಂದು ಹಕ್ಕಿಗೂ ಖಾತ್ರಿಯಾಗಿತ್ತು.) ಜೇಬಿನೊಳಗೆ ಪಾಚಿ, ಒಣಹುಲ್ಲು, ಅದರ ನಡುವೆ ಬಾಯಿ ತೆರೆದುಕೊಂಡ ನಾಲ್ಕು ಬೋಳು ಮರಿಗಳು. ಇಷ್ಟು ದಿನ ಕ್ರಿಕೆಟಿನ ಗದ್ದಲದಲ್ಲಿ ಅವುಗಳ ದನಿ ಅವನಿಗೆ ಕೇಳಿಸಿರಲೇ ಇಲ್ಲ.

ಡೆಸ್ಮಂಡ್ ತಬ್ಬಿಬ್ಬಾದ. ತಾನು ಬರೆದದ್ದು ಸುಳ್ಳು; ಆದರೆ ಅದು ನಿಜ. ಹಾಗಾದರೆ ತಾನು ಸುಳ್ಳು ಹೇಳಿದೆನೋ, ನಿಜ ಹೇಳಿದೆನೋ?

“ಪಾಪ ನೋಡಿ,” ಎಂದು ಹೊರಗಿನಿಂದ ಒಂದು ಮುದುಕಿಯ ದನಿ ಬಂತು. “ಆ ರಾಬಿನ್ ಹಕ್ಕಿ ಎಷ್ಟು ಹೊತ್ತಿಂದ ಹುಳ ಕಚ್ಕೊಂಡು ಕಿಟಕೀನ ಸುತ್ತುತಾ ಇದೆ. ಯಾವ ಪುಣ್ಯಾತ್ಮ ಅಲ್ಲಿ ಗೋಣಿ ಸಿಕ್ಕಿಸಿದ್ನೋ!”

ಡೆಸ್ಮಂಡ್ ಗೋಣಿಯನ್ನು ನೋಡಿದ, ಮರಿಗಳನ್ನು ನೋಡಿದ. ಗೋಣಿ ತೆಗೆದರೆ ಮಾನ ಹೋಗುತ್ತದೆ, ತೆಗೆಯದಿದ್ದರೆ ಮರಿಗಳು ಹೋಗುತ್ತವೆ. ಒಂದು ಮರಿ ಬಾಯಿ ತೆರೆದಂತೆಯೇ ಜೇಬಿನ ಅಂಚಿಗೆ ತಲೆ ವಾಲಿಸಿತು. ಅವನಿಂದ ತಡೆಯಲಾಗಲಿಲ್ಲ. ಎದ್ದು ಗೋಣಿಯನ್ನು ಎಳೆದೇಬಿಟ್ಟ.

ಕಿಟಕಿಯಲ್ಲಿ ಹಕ್ಕಿಯನ್ನು ಕಾಯುತ್ತಿದ್ದ ಅಷ್ಟೂ ದುರ್ಬೀನುಗಳಿಗೆ ಡೆಸ್ಮಂಡ್ ಟ್ಯಾಪ್‌ಸ್ಕಾಟನ ಮುಖಾರವಿಂದದ ದರ್ಶನವಾಯಿತು. ಅವನ ಕಿವಿ ಸವರಿಕೊಂಡು ಕೆಂಪು ಎದೆಯ ರಾಬಿನ್ ಒಡೆದ ಗಾಜಿನಿಂದ ಒಳಗೆ ಹಾರಿತು.

“ಮಿಸ್ಟರ್ ಟ್ಯಾಪ್‌ಸ್ಕಾಟ್! ನಿಮಗೆ ಓದೋಕೆ ಬರಲ್ವಾ?” ಎಂದಳು ಮಿಸ್ ಪೆಂಗೆಲ್ಲಿ.

“ಆ ಬೋರ್ಡ್ ಬರೆದೋನೇ ನಾನು!”

“ಬರೆದೂ ಒಳಗೆ ಹೋಗಿದೀರಾ? ಛೀ, ಛೀ!”

“ಇಲ್ಲ, ನಾನು ಬರೆಯೋವಾಗ ಗೂಡಿದೆ ಅಂತ ನಂಗೆ ಗೊತ್ತೇ...” ಎಂದವನು ಮ್ಯೂರಿಯಲ್‌ಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. ಸುಳ್ಳು ಬರೆದಾಗ ಕಣ್ಣೀರಿಟ್ಟು ಮೆಚ್ಚಿದ ಹೆಂಡತಿ, ಅದೇ ಮಾತು ನಿಜವಾದಾಗ ಅವನನ್ನು ಸುಡುವಂತೆ ನೋಡುತ್ತಿದ್ದಳು.

“ಕಾರು ನಿಲ್ಲಿಸ್ತೀನಿ ಅಂದ್ಯಲ್ಲ? ಹೊರಗೆ ಬಾ. ಮರಿ ಹಾರೋವರೆಗೂ ಆ ಕಡೆ ತಲೆ ಹಾಕಿದ್ರೆ ನೋಡು.”

“ನನ್ನ ಕುರ್ಚಿ?”

“ಅಲುಗಾಡಿಸಬೇಡ. ಹಕ್ಕಿಗೆ ಅಭ್ಯಾಸ ಆಗಿರತ್ತೆ.”

ಡೆಸ್ಮಂಡ್ ಹೊರಗೆ ಬಂದು ಮರದ ತುಂಡುಗಳ ಮೇಲೆ ಕುಳಿತ. “ಏಳು, ಅದು ಜೀರುಂಡೆ ಮನೆ!” ಎಂದಳು ಮ್ಯೂರಿಯಲ್. ಹುಲ್ಲಿನ ಮೇಲೆ ಕಾಲಿಟ್ಟ. “ಹುಲ್ಲು ತುಳೀಬೇಡ!” ಎಂದಳು. ಹುಳು ಹುಪ್ಪಟೆಗೆಲ್ಲ ಜಾಗವಿದ್ದ ಆ ತೋಟದಲ್ಲಿ ಯಜಮಾನನಿಗೆ ಉಳಿದದ್ದು ಕಾಲುದಾರಿಯ ಇಟ್ಟಿಗೆ. ಅವನು ಹೋಗಿ ಸಾಲಿನ ಕೊನೆಯಲ್ಲಿ, ಗೇಟಿನ ಬಳಿ ನಿಂತುಕೊಂಡ.

ಮುಂದೆ ನಿಂತಿದ್ದವನ ಕಿವಿಯಲ್ಲಿ ಸಣ್ಣ ರೇಡಿಯೋದ ತಂತಿ ಕಂಡಿತು. ಡೆಸ್ಮಂಡನಿಗೆ ಹೋದ ಜೀವ ಬಂದಂತಾಯಿತು. ಆ ಮನುಷ್ಯನ ಭುಜ ತಟ್ಟಿ, ಮೆಲ್ಲಗೆ, “ಸ್ವಾಮಿ, ಮ್ಯಾಚ್ ಏನಾಯ್ತು?” ಎಂದ.

ಇಡೀ ಸಾಲು ಒಟ್ಟಿಗೆ ಹಿಂದೆ ತಿರುಗಿ, “ಶ್!” ಎಂದಿತು.