ಸೌಟಣ್ಣನ ಸುಳ್ಳು ಹೊಟ್ಟೆನೋವು

ಅತ್ತೆಯ ಹುಟ್ಟುಹಬ್ಬಕ್ಕೆ ಕೋಳಿ ಸಾರು ನಾನೇ ಮಾಡುತ್ತೇನೆಂದು ಸೌಟಣ್ಣ ನಾಲಿಗೆ ಹರಿಯಬಿಟ್ಟಿದ್ದೇ ಎಡವಟ್ಟಿಗೆ ಮೂಲ. ಅವನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವ. ಹೆಂಡತಿಯ ತಮ್ಮ ದೊಡ್ಡ ಹೋಟೆಲಿನಲ್ಲಿ. "ಭಾವ ಬೇಯಿಸೋದು ಮೆಷೀನುಗಳಿಗೆ" ಎಂದು ಸಿಕ್ಕಾಗಲೆಲ್ಲ ಹಂಗಿಸುವ ಆ ಬಾಯಿಯನ್ನು ಇವತ್ತು ಮುಚ್ಚಿಸಲೇಬೇಕಿತ್ತು.

ಮ್ಯಾನೇಜರು ರಜೆ ಕೊಡಲಿಲ್ಲ. ಕಳೆದ ವಾರ ಕ್ಯಾಂಟೀನಿನಲ್ಲಿ ಉಂಡವರ ಹೊಟ್ಟೆ ಕೆಟ್ಟು, ಆರೋಗ್ಯ ಇಲಾಖೆಯವರು ಅಡುಗೆಯವರೆಲ್ಲರ ಮಲದ ಸ್ಯಾಂಪಲ್ ಒಯ್ದಿದ್ದರು. ಆ ನೆಪವನ್ನೇ ಹಿಡಿದು ಸೌಟಣ್ಣ ಬೆಳಿಗ್ಗೆ ಫೋನಿನಲ್ಲಿ ನರಳಿದ: "ಅದೇ ಕಾಯಿಲೆ ನನಗೂ ಅಂಟಿದೆ ಸಾರ್. ಏಳೋಕಾಗ್ತಿಲ್ಲ."

ನರಳಾಟ ಗೋಡೆಯಾಚೆಗೂ ಕೇಳಿಸಿ, ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಥರ್ಮಾಮೀಟರ್ ಹಿಡಿದು ಬಂದೇಬಿಟ್ಟರು. ಸೌಟಣ್ಣ ಆಗ ಒಲೆಯ ಮುಂದೆ ಅರೆಬೆಂದ ಕೋಳಿ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಉಪ್ಪು ನೋಡುತ್ತಿದ್ದ. ಅದು ಅವನ ಹಳೆಯ ಚಟ. ಸೌಟು ಸಮೇತ ಓಡಿ ಕಂಬಳಿಯೊಳಗೆ ನುಸುಳಿದ. ಬಿಸಿ ಸೌಟು ತೊಡೆಗೆ ತಾಗಿದಾಗ ಹೊರಟ ನರಳಾಟ ಮಾತ್ರ ಅಪ್ಪಟ. ಕುದಿವ ಸಾರಿನ ತುಂಡು ಜಗಿದ ಬಾಯಿಗೆ ಥರ್ಮಾಮೀಟರ್ ಇಟ್ಟರೆ ಇನ್ನೇನಾದೀತು? ಪಾದರಸ ಮೇಲೇರಿದ್ದು ಕಂಡು ನರ್ಸಮ್ಮ ಗಾಬರಿಯಿಂದ ಕಾರ್ಖಾನೆಗೇ ಫೋನು ಮಾಡಿದರು.

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಹಾಜರ್, ಜೊತೆಗೆ ಹೆಲ್ತ್ ಇನ್‌ಸ್ಪೆಕ್ಟರು. ಕಂಬಳಿಯಿಂದ ಮಸಾಲೆಯ ಘಮ. ಸೌಟಣ್ಣ ಸೌಟನ್ನು ಹೊರತೆಗೆದು ತಪ್ಪೊಪ್ಪಿಕೊಂಡ. "ಸುಳ್ಳು ಹೇಳಿದೆ ಸಾರ್. ಕಲ್ಲು ತಿಂದರೂ ಕರಗಿಸೋ ಹೊಟ್ಟೆ ನಂದು. ಏನೂ ಆಗಿಲ್ಲ."

"ನಿಮಗೆ ಆಗಿಲ್ಲ, ಉಂಡವರಿಗೆ ಆಗಿದೆ," ಎಂದರು ಇನ್‌ಸ್ಪೆಕ್ಟರು. "ಸ್ಯಾಂಪಲ್ ವರದಿ ಬಂತು. ಅದನ್ನ ಹೇಳೋಕೇ ಹೊರಟಿದ್ದೆ. ಹಸಿ ಕೋಳಿಯಿಂದ ಬರೋ ಸಾಲ್ಮೊನೆಲ್ಲಾ ರೋಗಾಣು ನಿಮ್ಮ ಹೊಟ್ಟೇಲಿ ಬಾಡಿಗೆಯಿಲ್ಲದೆ ಸಂಸಾರ ಹೂಡಿದೆ. ನಿಮಗೇನೂ ಮಾಡದೆ, ನಿಮ್ಮ ಕೈಯಿಂದ ಊಟಕ್ಕೆ ಸೇರ್ತಿದೆ. ಪೂರ್ತಿ ಹೋಗೋವರೆಗೆ ಸೌಟು ಮುಟ್ಟಬೇಡಿ. ಮನೇಲೂ ಅಷ್ಟೇ."

ಮ್ಯಾನೇಜರು ಧಾರಾಳವಾಗಿ, ರಜೆ ಎಷ್ಟು ಬೇಕಾದರೂ ತಗೋ ಎಂದರು.

ಹೆಂಡತಿ ಪಾತ್ರೆಯ ಸಾರನ್ನೆಲ್ಲ ಚೆಲ್ಲಿ, ಅಡುಗೆಮನೆ ತಿಕ್ಕಿ ತೊಳೆದು, ತಮ್ಮನನ್ನು ಕರೆಸಿದಳು. ಅವನು ಹೊಸದಾಗಿ ಅಡುಗೆ ಮಾಡಿದ. ಘಮಕ್ಕೆ ಮ್ಯಾನೇಜರೂ ಊಟಕ್ಕೆ ಉಳಿದರು. ಬೆರಳು ಚೀಪುತ್ತ, ನಮ್ಮ ಕ್ಯಾಂಟೀನಿಗೆ ಬಂದುಬಿಡು, ಹೋಟೆಲಿಗಿಂತ ಹೆಚ್ಚು ಕೊಡುತ್ತೇನೆ ಎಂದರು. ಅಳಿಯನ ಮನೆಯಲ್ಲಿ ಇಷ್ಟು ರುಚಿಯಾಗಿ ಉಂಡದ್ದು ಇದೇ ಮೊದಲು ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮೂಲೆಯಲ್ಲಿ ಬೇರೆ ತಟ್ಟೆ ಹಿಡಿದು ಕೂತಿದ್ದ ಸೌಟಣ್ಣನಿಗೆ ಭಾವಮೈದುನ ಬಾಗಿ ಬಡಿಸಿದ.

"ಉಪ್ಪು ನೋಡಿ ಭಾವ. ಹೆದರಬೇಡಿ, ಪೂರ್ತಿ ಬೆಂದಿದೆ."