ಹೀಲಿಯಂ ಪಕ್ಕದ ಖಾಲಿ ಜಾಗ

ಎಲ್ಲ ಅನಾಹುತಕ್ಕೂ ಮೂಲ ಆ ಖಾಲಿ ಜಾಗ. ಶಾಲೆಯ ಪ್ರಯೋಗಾಲಯದ ಗೋಡೆ ಮೇಲೆ ಮೂಲವಸ್ತುಗಳ ಚೌಕದ ಪಟ್ಟಿ, ಅದೇ ಪೀರಿಯಾಡಿಕ್ ಟೇಬಲ್, ಬರೆಯೋ ಕೆಲಸ ಪೇಂಟರಿಗೆ ಸಿಕ್ಕಿತ್ತು. ಸಂಜೆ ಹೆಡ್‌ಮಿಸ್ ನೋಡಿ ಮೆಚ್ಚಿದರೆ ಶಾಲೆಯ ಗೋಡೆಗಳೆಲ್ಲ ಅವನ ಪಾಲಿಗೆ. ಇಲ್ಲದಿದ್ದರೆ ನಾಳೆಯಿಂದ ಭಾವಮೈದುನನ ಟೈರ್ ಅಂಗಡಿ. "ಇದೇ ಕೊನೇ ಸಲ," ಅಂತ ಹೆಂಡತಿ ತಟ್ಟೆ ಕುಕ್ಕಿ ಹೇಳಿದ್ದಳು.

ವಿಜ್ಞಾನದ ಮೇಷ್ಟ್ರು ಕೊಟ್ಟ ಮಾದರಿ ನೋಡಿ ಪಟ್ಟಿ ಮುಗಿಸಿ ಬ್ರಷ್ಷು ಒರೆಸುತ್ತಿದ್ದಾಗ ವಾಚ್‌ಮನ್ ಬಂದು ಸೊಂಟಕ್ಕೆ ಕೈಯಿಟ್ಟ.

"ಏನಪ್ಪಾ, ಮೇಲೆ ಇಷ್ಟಗಲ ಖಾಲಿ? ಮುಂದಿನ ಹಲ್ಲು ಉದುರಿದ ಬಾಯಿ ಥರ ಕಾಣ್ತಿದೆ."

"ಮಾದರೀಲಿ ಹಾಗೇ ಇದೆ."

"ಕೆಳಗೆ ಎರಡು ಸಾಲು ಬೇರೆ ಬಿದ್ದಿವೆ ನೋಡು. ಅವು ಮೇಲಿನವೇ! ಅಚ್ಚು ಹಾಕಿದವನು ಮರೆತು, ಆಮೇಲೆ ಕೆಳಗೆ ತುರುಕಿದ್ದಾನೆ. ಹೆಡ್‌ಮಿಸ್ ಖಾಲಿ ಗೋಡೆ ಸಹಿಸಲ್ಲ, ನೆನಪಿಟ್ಕೋ."

ಪೇಂಟರಿಗೆ ಟೈರ್ ಅಂಗಡಿ ನೆನಪಾಯಿತು. ಕೆಳಗಿನ ಎರಡು ಸಾಲಿಗೂ ಬಿಳಿ ಬಣ್ಣ ಬಳಿದು, ಅಷ್ಟನ್ನೂ ಮೇಲಿನ ಜಾಗಕ್ಕೆ ತುಂಬಿದ. ಇನ್ನೂ ಮಿಕ್ಕ ಚೌಕಗಳಲ್ಲಿ ಒಂದೊಂದು ಹೂವು ಬಿಡಿಸಿದ.

ಮೇಷ್ಟ್ರು ಬಂದು ನೋಡಿದ್ದೇ ತಡ, ಸ್ಟೂಲಿನ ಮೇಲೆ ಕುಸಿದರು.

"ಅಯ್ಯೋ ಪುಣ್ಯಾತ್ಮ! ಹೀಲಿಯಂ ಯಾರ ಜೊತೆಗೂ ಬೆರೆಯದ ಒಂಟಿ ಪ್ರಾಣಿ. ಅದರ ಪಕ್ಕ ಯುರೇನಿಯಂ ಕೂರಿಸಿದ್ದೀಯಲ್ಲೋ! ಮೇಲಿಂದ ಕೆಳಕ್ಕೆ ಒಂದೊಂದು ಸಾಲೂ ಒಂದೊಂದು ಕುಟುಂಬ ಕಣೋ, ಗುಣ ಒಂದೇ. ಖಾಲಿ ಜಾಗಕ್ಕೂ ಅರ್ಥ ಇದೆ. ಅಲ್ಲಿ ಕೂರೋ ಸಂಬಂಧಿಕರು ಯಾರೂ ಇಲ್ಲ ಅಂತ!"

ಪೇಂಟರ್ ಅಳುವುದೊಂದು ಬಾಕಿ. ಮತ್ತೆ ಬಿಳಿ ಬಣ್ಣ, ಮತ್ತೆ ಗೆರೆ. ಊಟ ಹೋಯಿತು, ಸೊಂಟ ಹೋಯಿತು. ಗೋಡೆಬರಹ ತಿದ್ದಬಹುದು, ಹಣೆಬರಹ ತಿದ್ದೋಕಾಗುತ್ತಾ ಅಂತ ಗೊಣಗುತ್ತಲೇ ಸಂಜೆಯೊಳಗೆ ಪಟ್ಟಿಯನ್ನು ಮೊದಲಿನಂತೆ ಮಾಡಿದ. ಮೇಷ್ಟ್ರು ಒಂದೊಂದು ಚೌಕಕ್ಕೂ ಬೆರಳಿಟ್ಟು ನೋಡಿ, "ಭೇಷ್! ಒಂದು ತಪ್ಪಿಲ್ಲ," ಅಂದರು. ಬೆಳಗ್ಗಿನಿಂದ ಮೊದಲ ಸಲ ಅವನಿಗೆ ಉಸಿರು ಬಂತು.

ಹೆಡ್‌ಮಿಸ್ ಬಂದು ಕನ್ನಡಕ ಏರಿಸಿದರು.

"ಇದೇನು ಅರ್ಧಂಬರ್ಧ ಕೆಲಸ? ಮೇಲೆಲ್ಲ ಖಾಲಿ, ಕೆಳಗೆ ಎರಡು ಸಾಲು ಅನಾಥ. ಅವನ್ನೆತ್ತಿ ಮೇಲೆ ಹಾಕೋಷ್ಟು ತಲೆ ಓಡಲಿಲ್ವಾ?"

ಪೇಂಟರ್ ಆಸೆಯಿಂದ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಥೇಟ್ ಹೀಲಿಯಂ ಆಗಿ ನಿಂತಿದ್ದರು.

"ಅದೇ ಮೇಡಂ," ಅಂದರು ಕೊನೆಗೆ, "ಬೆಳಗ್ಗಿಂದ ನಾನೂ ಅದನ್ನೇ ಬಡ್ಕೋತಿದೀನಿ."

ಮರುದಿನ ಭಾವಮೈದುನ ಅಂಗಡಿಯಲ್ಲಿ ಟೈರುಗಳ ರಾಶಿ ತೋರಿಸಿದ.

"ಗೋಡೆ ಪಕ್ಕ ಜೋಡಿಸಿ ಭಾವ. ಮೇಲೆ ಎಲ್ಲೂ ಖಾಲಿ ಬಿಡಬೇಡಿ, ನೋಡೋಕೆ ಚೆನ್ನಾಗಿರಲ್ಲ."